‘ಸಂಚಕಾರ’ ಎಂದರೆ ಮುಂಗಡವೋ, ಠೇವಣಿಯೋ?

ಧಾರವಾಡದಲ್ಲಿ ಮದುವೆ, ಕುಬಸ, ತೊಟ್ಟಿಲು ಕಾರ್ಯಗಳ ಫೋಟೋ ತೆಗೆಯುವುದನ್ನೇ ಉದ್ಯೋಗವಾಗಿ ಮಾಡಿಕೊಂಡಿರುವ ನನಗೆ, ಹೊಸ ರಸೀದಿ ಪುಸ್ತಕ ಅಚ್ಚು ಹಾಕಿಸುವ ಹೊತ್ತಿನಲ್ಲಿ ಒಂದು ಪದದ ಬಗ್ಗೆ ಸಂದೇಹ ಎದ್ದಿದೆ. ಬಲ್ಲವರು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

ಹಳೆಯ ರಸೀದಿಯಲ್ಲಿ ‘ಒಟ್ಟು’, ‘ಸಂಚಕಾರ’, ‘ಬಾಕಿ’ ಎಂಬ ಮೂರು ಸಾಲುಗಳಿವೆ. ಗದಗ, ಹಾವೇರಿ ಕಡೆಯಿಂದ ಬರುವ ಗಿರಾಕಿಗಳು “ಸಂಚಕಾರ ಇಷ್ಟ ಹಿಡೀರಿ, ಉಳಿದದ್ದು ಅಕ್ಕಿಕಾಳಿನ (ಅಕ್ಷತೆಯ) ದಿನ ಕೊಡತೀವ್ರಿ” ಎಂದು ಹಣ ಎಣಿಸಿಕೊಡುತ್ತಾರೆ. ಹೊಲ-ಮನೆ ಖರೀದಿಯ ಸಂಚಕಾರ ಪತ್ರವೂ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದೇ. ಆದರೆ ಈಚೆಗೆ ಮೈಸೂರು ಕಡೆಯ ಬೀಗರೊಬ್ಬರು ಆ ಸಾಲಿನ ಮೇಲೆ ಬೆರಳಿಟ್ಟು, “ಮದುವೆ ಕಾಗದದಲ್ಲಿ ಇಂಥ ಮಾತು ಯಾಕೆ ಸಾರ್?” ಎಂದು ನೊಂದು ಕೇಳಿದರು. ಅವರಿಗೆ ಸಂಚಕಾರವೆಂದರೆ ಪ್ರಾಣಕ್ಕೆ ಒದಗುವ ಕುತ್ತು. ಸಂಸ್ಕೃತದ ‘ಸತ್ಯಂಕಾರ’ದಿಂದ, ಅಂದರೆ ಮಾತನ್ನು ಗಟ್ಟಿ ಮಾಡುವ ಹಣ ಎಂಬ ಅರ್ಥದಿಂದ ಬಂದ ಪದ ಅಲ್ಲಿಗೆ ಹೇಗೆ ಹೋಯಿತು? ‘ಜೀವಕ್ಕೆ ಸಂಚಕಾರ’ ಎಂದಾಗ, ಆ ಜೀವವನ್ನು ಯಾರೋ ಮೊದಲೇ ಕಾಯ್ದಿರಿಸಿದ್ದಾರೆ ಎಂಬ ಭಾವ ಇದ್ದಿರಬಹುದೆಂದು ನನ್ನ ಊಹೆ.

ನನಗೆ ಹೆಚ್ಚು ತೊಡಕಾಗಿರುವುದು ತೆರಿಗೆಯ ಲೆಕ್ಕ. ನಮ್ಮ ಹಿರಿಯರು ಇಂದಿಗೂ ‘ಸೇಲ್ಸ್ ಟ್ಯಾಕ್ಸ್’ ಎಂದೇ ಕರೆಯುವ ತೆರಿಗೆಯ ಜಾಗಕ್ಕೆ 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಬಂದಿದೆ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದ್ದರಿಂದ ನಾನೂ ನೋಂದಣಿ ಮಾಡಿಸಿದ್ದೇನೆ. ಫೋಟೋ ತೆಗೆಯುವ ಕೆಲಸ ಸೇವೆಯಾದ್ದರಿಂದ, ಅದಕ್ಕೆ ಮುಂಗಡ ಪಡೆದರೆ, ಮದುವೆ ಇನ್ನೂ ಮೂರು ತಿಂಗಳು ದೂರವಿದ್ದರೂ, ಹಣ ಕೈಸೇರಿದ ಅವಧಿಯ ಲೆಕ್ಕದಲ್ಲಿಯೇ ಆ ಮೊತ್ತಕ್ಕೆ ತೆರಿಗೆ ತೋರಿಸಬೇಕು. ತೆರಿಗೆ ಬಿಟ್ಟು 20,000 ರೂಪಾಯಿ ಮುಂಗಡವಾದರೆ ಶೇಕಡಾ 18ರಂತೆ 3,600 ರೂಪಾಯಿ. ಠೇವಣಿಯಾದರೆ ಹಾಗಲ್ಲ, ಅದನ್ನು ಕೆಲಸದ ಬೆಲೆಗೆ ವಜಾ ಮಾಡಿಕೊಳ್ಳುವವರೆಗೆ ಕಾನೂನು ಅದನ್ನು ಬೆಲೆಯೆಂದು ಎಣಿಸುವುದಿಲ್ಲ.

ಇದನ್ನು ತಿಳಿದ ಹುಬ್ಬಳ್ಳಿಯ ಜೊತೆಗಾರರೊಬ್ಬರು “ಠೇವಣಿ ಅಂತ ಬರದ್ ಬಿಡ್ರಿ, ಈಗ ತೆರಿಗಿ ಬರಂಗಿಲ್ಲ” ಎಂದು ಸಲಹೆ ಕೊಟ್ಟರು. ನನಗೆ ಅದು ಸರಿ ಎನಿಸಲಿಲ್ಲ. ಒಟ್ಟು ಮೊತ್ತದಲ್ಲಿ ಮುರಿದುಕೊಳ್ಳುವ ಹಣವೆಂದು ಇಬ್ಬರಿಗೂ ಮೊದಲ ದಿನವೇ ಗೊತ್ತಿರುವಾಗ, ಅದಕ್ಕೆ ಠೇವಣಿ ಎಂದು ಹೆಸರಿಟ್ಟ ಮಾತ್ರಕ್ಕೆ ಅದು ಠೇವಣಿಯಾಗುವುದಿಲ್ಲ. ಮೇಲಾಗಿ ಠೇವಣಿ ಎಂದರೆ ತಿರುಗಿ ಕೊಡಬೇಕಾದದ್ದು ಎಂದು ಗಿರಾಕಿ ನಂಬುತ್ತಾನೆ.

ಆದರೆ ಸಂಚಕಾರದ ಅರ್ಥ ಮುಂಗಡಕ್ಕಿಂತ ತುಸು ಬೇರೆಯೇ ಇದೆ ಎಂದೂ ನನಗೆ ತೋರುತ್ತದೆ. ಮುಂಗಡದಲ್ಲಿ ಬೆಲೆಯ ಒಂದು ಭಾಗ ಮೊದಲೇ ಬಂತು ಎಂಬಷ್ಟೇ ಅರ್ಥವಿದ್ದರೆ, ಸಂಚಕಾರದಲ್ಲಿ ಆ ದಿನ ನಾನು ಬೇರೆ ಮದುವೆ ಹಿಡಿಯುವಂತಿಲ್ಲ, ಅವರೂ ಬೇರೆಯವರನ್ನು ಕರೆಯುವಂತಿಲ್ಲ ಎಂಬ ಕಟ್ಟು ಇದೆ. ಈ ಕಟ್ಟನ್ನು ಉಳಿಸಿಕೊಂಡು, ದಕ್ಷಿಣದವರಿಗೂ ಅಶುಭವೆನಿಸದಂತೆ, ತೆರಿಗೆಯ ಲೆಕ್ಕಕ್ಕೂ ಸ್ಪಷ್ಟವಾಗಿರುವಂತೆ ‘ಸಂಚಕಾರದ ಮುಂಗಡ’ ಎಂದು ಅಚ್ಚು ಹಾಕಿಸಿದರೆ ಅದು ದ್ವಿರುಕ್ತಿಯಾದೀತೇ, ಅಥವಾ ಇದಕ್ಕೆ ಬಳಕೆಯಲ್ಲಿರುವ ಬೇರೆ ಒಂದೇ ಪದ ಉಂಟೇ?