ಹೆಂದ್ ಸಬ್ರಿ ನಮ್ಮ ಮನೆ ಗುಂಪಿಗೆ ಬಂದಾಗ

‘ಗುಡ್ ಮಾರ್ನಿಂಗ್’ ಹೂಗಳ ಸಾಲು ಮುಗೀತಿದ್ದಂಗೆ ದೊಡ್ಡಪ್ಪನ ಫಾರ್ವರ್ಡ್ ಬಂದು ಬಿತ್ತು. ಯಾರಿಗೆ ಅಂತ ಎಲ್ಲರಿಗೂ ಗೊತ್ತು: ಲಾ ಓದ್ತಾ ನಾಟಕದ ತಂಡ ಸೇರಿರೋ ಪುಟ್ಟಿಗೆ.

ದೊಡ್ಡಪ್ಪ: ಈಜಿಪ್ಟಿನ ಖ್ಯಾತ ನಟಿ ಹೆಂದ್ ಸಬ್ರಿ ಕಾನೂನು ಪದವಿ ಮುಗಿಸಿದ ಮೇಲಷ್ಟೇ ಬಣ್ಣ ಹಚ್ಚಿದರು. ಮೊದಲು ವಿದ್ಯೆ, ನಂತರ ಕಲೆ. ನಿಮ್ಮ ಮಕ್ಕಳಿಗೂ ಕಳಿಸಿ 🙏🙏

ಅತ್ತೆ: 👌 ನಮ್ಮನೇಲೂ ಕೆಲವರು ಓದ್ಬೇಕು ಇದನ್ನ

ಕಿಟ್ಟಿ: ದೊಡ್ಡಪ್ಪ, ಎಲ್ಲಿ ಸಿಕ್ತು ಇದು? ಆಕೆ ಟುನೀಶಿಯಾದವರು. 1979ರಲ್ಲಿ ಕೆಬಿಲಿಯಲ್ಲಿ ಹುಟ್ಟಿದ್ದು. ಮೊದಲ ಸಿನಿಮಾ 1994ರದ್ದು, ಮುಫೀದಾ ತ್ಲಾತ್ಲಿ ನಿರ್ದೇಶನ. ಅರಮನೆ ಕೆಲಸದವಳ ಮಗಳ ಪಾತ್ರ. ಆಗಿನ್ನೂ ಸ್ಕೂಲ್ ಹುಡುಗಿ. ಲಾ ಓದಿದ್ದು ಅದಾದ್ಮೇಲೆ.

ದೊಡ್ಡಪ್ಪ: ಓದಿದ್ದು ನಿಜ ತಾನೆ?

ಕಿಟ್ಟಿ: ನಿಜ. ಆದ್ರೆ ಹಿಂದುಮುಂದು.

ದೊಡ್ಡಪ್ಪ: ನಾನೂ ಅದೇ ಹೇಳಿದ್ದು.

ಸುಬ್ಬು ಚಿಕ್ಕಪ್ಪ: ಯಾವತ್ತೂ ಅದೇ ಹೇಳಿದೀಯ ಅಣ್ಣ. ಹೆಗ್ಗೋಡಿಗೆ ಹೊರಟವನನ್ನ ತಡೆದು ಬ್ಯಾಂಕ್ ಪರೀಕ್ಷೆಗೆ ಕೂರಿಸಿದಾಗ್ಲೂ.

ಅತ್ತೆ: ಸುಬ್ಬು, ಬೆಳಿಗ್ಗೆ ಬೆಳಿಗ್ಗೆ ಶುರು ಮಾಡ್ಬೇಡ. ಅಣ್ಣಂಗೆ ಬಿಪಿ ಇದೆ.

ಸುಬ್ಬು ಚಿಕ್ಕಪ್ಪ: ನಂಗೂ ಇದೆ. ಬ್ಯಾಂಕಿನ ಕೊಡುಗೆ.

ಚಿಕ್ಕಮ್ಮ: ಏ, ಇವಳಾ! ನೆಟ್‌ಫ್ಲಿಕ್ಸಲ್ಲಿ ನೋಡಿದೀನಿ. ಡೈವೋರ್ಸ್ ಆಗಿ, ಎರಡು ಮಕ್ಕಳನ್ನ ಕಟ್ಕೊಂಡು ಒದ್ದಾಡ್ತಾಳೆ ಪಾಪ.

ಕಿಟ್ಟಿ: ಅದು 2022ರದ್ದು ಚಿಕ್ಕಮ್ಮ, ಪಾತ್ರದ ಹೆಸರು ಓಲಾ. ಅದೇ ಓಲಾ 2010ರ ರಂಜಾನ್ ಸೀರಿಯಲ್ಲಲ್ಲಿ ಗಂಡು ಹುಡುಕ್ತಿರೋ ಫಾರ್ಮಸಿಸ್ಟು. ನೋಡೋಕೆ ಗಂಡುಗಳು ಬರ್ತಾನೇ ಇರ್ತಾರೆ.

ಚಿಕ್ಕಮ್ಮ: ನನ್ನ ನೋಡೋಕೆ ನೀವೆಲ್ಲ ಒಂದು ವ್ಯಾನ್ ತುಂಬ ಬಂದಿದ್ರಿ. ಕೇಸರಿಬಾತ್ ಸಾಲದೆ ಅಮ್ಮ ಪಕ್ಕದ ಮನೆಯಿಂದ ರವೆ ತಂದ್ರು.

ಅತ್ತೆ: ತುಪ್ಪಾನೂ ತರಬಹುದಿತ್ತು.

(ಇಲ್ಲಿಂದ ಸುಮಾರು ಹೊತ್ತು ಕೇಸರಿಬಾತೇ ನಡೀತು. ಬಿಟ್ಟಿದೀನಿ.)

ಕಿಟ್ಟಿ: ಸ್ವಲ್ಪ ಕೇಳ್ತೀರಾ? ಆಕೆ ಕೈರೋಗೆ ಹೋಗಿ, ಈಜಿಪ್ಟಿನ ಅರಬ್ಬೀಲಿ ಮಾತಾಡಿ ಹೆಸರು ಮಾಡಿದ್ದು. ‘ಅಸ್ಮಾ’ (2011) ನೋಡಿ. ಎಚ್‌ಐವಿ ಇದೆ ಅಂತ ಡಾಕ್ಟರುಗಳೇ ಆಪರೇಷನ್ ಮಾಡೋಕೆ ಒಪ್ಪದ ಹೆಂಗಸಿನ ಪಾತ್ರ.

ಮಂಜು ಮಾವ: ನಮ್ಮೋರೂ ಆಗ ಮದ್ರಾಸಿಗೇ ಹೋಗ್ಬೇಕಿತ್ತಲ್ಲ. ಊರ ಟೆಂಟಲ್ಲಿ ನೆಲದ ಟಿಕೆಟ್ ತಗೊಂಡು ಮರಳು ಗುಡ್ಡೆ ಮಾಡ್ಕೊಂಡು ಕೂರ್ತಿದ್ವಿ. ಮುಂದಿನವನ ತಲೆ ಅಡ್ಡ ಬಂದ್ರೆ ಗುಡ್ಡೆ ಇನ್ನಷ್ಟು ಎತ್ತರ. ಸುಬ್ಬು, ನೆನಪಿದ್ಯಾ?

ಸುಬ್ಬು ಚಿಕ್ಕಪ್ಪ: ನನ್ನ ಗುಡ್ಡೆ ಕೆಡವಿದ್ದು ನೀನೇ.

ಪುಟ್ಟಿ: ನನಗೆ ಹೇಳೋದಿದ್ರೆ ನನಗೇ ಹೇಳಿ. ‘ಫೋರ್ ಡಾಟರ್ಸ್’ (2023) ಅಂತ ಡಾಕ್ಯುಮೆಂಟರಿ ಇದೆ, ಕೌತರ್ ಬೆನ್ ಹನಿಯಾ ಅವರದ್ದು. ಓಲ್ಫಾ ನಿಜವಾದ ತಾಯಿ, ಇಬ್ಬರು ಹೆಣ್ಣುಮಕ್ಕಳು ಐಸಿಸ್ ಸೇರೋಕೆ ಹೋದವರು. ಆಕೆಗೆ ತಡ್ಕೊಳ್ಳೋಕಾಗದ ದೃಶ್ಯಗಳಲ್ಲಿ ಅವರ ಬದಲು ಸಬ್ರಿ. ಓಲ್ಫಾನೂ ಸೆಟ್ಟಲ್ಲೇ ಇರ್ತಾರೆ. ಸಬ್ರಿ ಆಕೆ ಹೇಳಿದ್ದಕ್ಕೆಲ್ಲ ತಲೆ ಆಡ್ಸಲ್ಲ, ಮುಖಕ್ಕೇ ಕೇಳ್ತಾರೆ. ಆಸ್ಕರ್ ನಾಮಿನೇಷನ್ ಬಂತು ಅದಕ್ಕೆ.

ದೊಡ್ಡಪ್ಪ: ತಾಯಿಗೇ ಎದುರು ಮಾತು. ಇದೇ ನಾನು ಹೇಳೋದು.

ಕಿಟ್ಟಿ: ವಿಶ್ವ ಆಹಾರ ಕಾರ್ಯಕ್ರಮದ ರಾಯಭಾರಿನೂ ಆಗಿದ್ರು, 2023ರ ನವೆಂಬರಲ್ಲಿ ಗಾಜಾ ವಿಷಯಕ್ಕೆ ರಾಜೀನಾಮೆ ಕೊಟ್ಟು

ಮಂಜು ಮಾವ: ಗುಂಪಲ್ಲಿ ರಾಜಕೀಯ ಬೇಡ. ಅಡ್ಮಿನ್ ಆಗಿ ಹೇಳ್ತಿದೀನಿ.

(ಎಲೆಕ್ಷನ್ ಟೈಮಲ್ಲಿ ದಿನಾ ಕಾರ್ಟೂನ್ ಹಾಕಿದ್ದು ಇದೇ ಅಡ್ಮಿನ್ನು.)

ಪುಟ್ಟಿ: ಶನಿವಾರ ಸಂಜೆ ನಮ್ಮ ಶೋ ಇದೆ. ಬರೋರು ಬನ್ನಿ.

ಸುಬ್ಬು ಚಿಕ್ಕಪ್ಪ: ನಂಗೆ ಮುಂದಿನ ಸಾಲು.

ದೊಡ್ಡಪ್ಪ: ಹಿರಿಯ ನಾಗರಿಕರಿಗೆ ರಿಯಾಯಿತಿ ಇದ್ಯಾ?