ಸೋಲಾರ್ ಕೆಲಸ ತಡವಾದ ಕೇಸು: ಈ ಕಾಗದಗಳಲ್ಲಿ ಮೊದಲು ಏನು ಹುಡುಕಲಿ?

ಹೊಸ ವಕೀಲ, ಬದಿಯಡ್ಕ:
ಎಲ್ಲರಿಗೂ ನಮಸ್ಕಾರ. ಊರು ಬದಿಯಡ್ಕ, ಕೆಲಸ ಎರ್ನಾಕುಳದ ಒಂದು ಆಫೀಸಿನಲ್ಲಿ. ಎನ್‌ರೋಲ್ ಆಗಿ ಎರಡನೇ ವರ್ಷ. ಈಗ ಒಂದು ಆರ್ಬಿಟ್ರೇಶನ್ ಫೈಲು (ಕೋರ್ಟಿನ ಬದಲು ಮಧ್ಯಸ್ಥರು, ಅಂದರೆ ಆರ್ಬಿಟ್ರೇಟರು, ತೀರ್ಮಾನಿಸುವ ಕೇಸು) ನನ್ನ ಪಾಲಿಗೆ ಬಂದಿದೆ. ನಮ್ಮ ಕಕ್ಷಿದಾರರು ಕಾಂಟ್ರಾಕ್ಟರು. ಮಂಜೇಶ್ವರದ ಕಡೆಯ ಒಂದು ಪದವಿನಲ್ಲಿ (ಗುಡ್ಡದ ಮೇಲಿನ ಬಯಲು) ಸೋಲಾರ್ ಪ್ಯಾನೆಲ್ ನಿಲ್ಲಿಸುವ ಕೆಲಸ. ಮುರಕಲ್ಲು ಕೊರೆಯುವುದರಲ್ಲೇ ತಿಂಗಳುಗಳು ಕಳೆದವು, ಅಷ್ಟರಲ್ಲಿ ಮಳೆ ಹಿಡಿಯಿತು. ತಡವಾಯಿತು ಅಂತ ಕೆಲಸ ಕೊಟ್ಟ ಸೋಲಾರ್ ಕಂಪೆನಿಯವರು ಬಿಲ್ಲಿನಲ್ಲಿ ದಂಡ ಮುರಿದುಕೊಂಡಿದ್ದಾರೆ. ಸೈಟ್ ಡೈರಿ, ಬಿಲ್ಲು, ಇಮೇಲ್ ಪ್ರಿಂಟು, ವಾಟ್ಸಾಪ್ ಫೋಟೋ ಎಲ್ಲ ಪೆಟ್ಟಿಗೆಗಟ್ಟಲೆ ಇದೆ. ಮಳೆಯನ್ನೇ ಫೋರ್ಸ್ ಮೆಜೂರ್, ಅಂದರೆ ಕೈಮೀರಿದ ಅಡ್ಡಿ, ಅಂತ ವಾದಿಸಬಹುದಾ?

ವಕೀಲೆ, ವಿದ್ಯಾನಗರ:
ಮಳೆಯನ್ನು ನೆಚ್ಚಬೇಡ ತಮ್ಮಾ. ಜೂನ್‌ನಲ್ಲಿ ಕಾಸರಗೋಡಿಗೆ ಮಳೆ ಬರುತ್ತದೆ ಅಂತ ಟೆಂಡರ್ ಹಾಕುವಾಗಲೇ ಗೊತ್ತಿತ್ತಲ್ವಾ? ಖರ್ಚು ಜಾಸ್ತಿಯಾಯಿತು, ಕೆಲಸ ಕಷ್ಟವಾಯಿತು ಅಂದರೆ ಸಾಲದು ಅಂತ 2017ರ ಎನರ್ಜಿ ವಾಚ್‌ಡಾಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಕಲ್ಲಿನ ವಿಷಯ ಬೇರೆ. ಟೆಂಡರಿನ ಜೊತೆ ಮಣ್ಣು ಪರೀಕ್ಷೆಯ ವರದಿ ಕೊಟ್ಟಿದ್ದರಾ? ನೆಲದಡಿಯಲ್ಲಿ ಏನಿದ್ದರೂ ಹೊಣೆ ಯಾರದು ಅಂತ ಕರಾರಿನಲ್ಲಿದೆ? ಗಟ್ಟಿ ಕಲ್ಲು ಸಿಕ್ಕಿತು ಅಂತ ಕಾಂಟ್ರಾಕ್ಟರು ಆಗಲೇ ಪತ್ರ ಬರೆದಿದ್ದರಾ?

ಮುಖ್ಯವಾದದ್ದು ಇನ್ನೊಂದಿದೆ. ಇದನ್ನು ಹೊಸಬರು ಯಾರೂ ನೋಡುವುದಿಲ್ಲ. ಆ ಕಂಪೆನಿ ವಿದ್ಯುತ್ ಬೋರ್ಡಿಗೆ ಕರೆಂಟು ಕೊಡಬೇಕಿದ್ದ ದಿನವೂ ತಪ್ಪಿರುತ್ತದೆ. ಆ ಜಗಳ ಆರ್ಬಿಟ್ರೇಟರ ಹತ್ತಿರ ನೇರವಾಗಿ ಬರುವುದಿಲ್ಲ. 2003ರ ವಿದ್ಯುತ್ ಕಾಯ್ದೆಯ ಸೆಕ್ಷನ್ 86(1)(ಎಫ್) ಪ್ರಕಾರ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗಕ್ಕೆ ಹೋಗುತ್ತದೆ. ಅಲ್ಲಿ ಕಂಪೆನಿಯೇ "ಕಲ್ಲು ಅಡ್ಡ ಬಂತು, ನಮ್ಮ ತಪ್ಪಲ್ಲ" ಅಂತ ಅರ್ಜಿ ಹಾಕಿದ್ದರೆ? ಆಯೋಗದ ಆದೇಶಗಳು ಅವರ ವೆಬ್‌ಸೈಟಿನಲ್ಲಿ ಸಿಗುತ್ತವೆ. ಮೊದಲು ಅದನ್ನು ಹುಡುಕು. ಅಲ್ಲಿ ಅವರಿಗೆ ದಿನ ಮುಂದೂಡಿ ಕೊಟ್ಟು, ಒಂದು ಪೈಸೆ ದಂಡವೂ ಬೀಳದಿದ್ದರೆ ನಿಮ್ಮವರಿಂದ ಮುರಿದುಕೊಂಡದ್ದು ಯಾವ ನಷ್ಟಕ್ಕೆ? ಕರಾರಿನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ. ನಷ್ಟವೇ ಇಲ್ಲದಿದ್ದರೆ ಕಾಂಟ್ರಾಕ್ಟ್ ಆಕ್ಟಿನ ಸೆಕ್ಷನ್ 74ರ ಪರಿಹಾರವೂ ಇಲ್ಲ. ಇದಕ್ಕೆ ಸುಪ್ರೀಂ ಕೋರ್ಟಿನ 2015ರ ಕೈಲಾಶ್ ನಾಥ್ ತೀರ್ಪು ಓದು.

ಸೈಟ್ ಎಂಜಿನಿಯರ್, ಉಪ್ಪಳ:
ವಕೀಲರೇ, ಡೈರಿಯನ್ನು ಸುಮ್ನೆ ನಂಬಬೇಡಿ. ಎಷ್ಟೋ ಸೈಟಿನಲ್ಲಿ ವಾರದ ಕೊನೆಗೆ ಒಟ್ಟಿಗೆ ಕೂತು ಬರೆಯುತ್ತಾರೆ. ಕಂಪ್ರೆಸರಿನ ಡೀಸೆಲ್ ಬಿಲ್ಲು ತೆಗೆದು ದಿನಾಂಕ ಹೋಲಿಸಿ. ಡೀಸೆಲ್ ಹಾಕದ ವಾರ ಕಲ್ಲು ಕೊರೆದದ್ದು ಹೇಗೆ ಅಂತ ಎದುರು ಕಡೆಯವರು ಕೇಳಿಯೇ ಕೇಳುತ್ತಾರೆ. ಫೋಟೋ ತೆಗೆದ ಮೊಬೈಲನ್ನೂ ಜೋಪಾನ ಮಾಡಿಸಿ.

ಹೊಸ ವಕೀಲ, ಬದಿಯಡ್ಕ:
ಅಕ್ಕ, ಆಯೋಗದ ಆದೇಶ ಹುಡುಕುತ್ತಿದ್ದೇನೆ. ಪೆಟ್ಟಿಗೆಯಲ್ಲಿ ಕಂಪೆನಿಯದೇ ಒಂದು ಪತ್ರ ಸಿಕ್ಕಿತು. ಮಾರ್ಚ್ ತನಕ ಸಮಯ ಕೊಟ್ಟಿದ್ದಾರೆ, ದಂಡದ ಮಾತೇ ಇಲ್ಲ.

ವಕೀಲೆ, ವಿದ್ಯಾನಗರ:
ಅದನ್ನು ಮೇಲೆ ಇಟ್ಟುಕೋ. ಕಾಂಟ್ರಾಕ್ಟ್ ಆಕ್ಟಿನ ಸೆಕ್ಷನ್ 55ರ ಕೊನೆಯ ಭಾಗ ನೋಡು. ತಡವಾದ ಕೆಲಸವನ್ನು ಒಪ್ಪಿಕೊಳ್ಳುವಾಗಲೇ ಪರಿಹಾರ ಕೇಳುತ್ತೇನೆ ಅಂತ ನೋಟಿಸು ಕೊಡದಿದ್ದರೆ ಆಮೇಲೆ ಕೇಳುವ ಹಾಗಿಲ್ಲ. ಆ ಪತ್ರದ ನಂತರ ಅಂಥ ನೋಟಿಸೇನಾದರೂ ಬಂದಿದೆಯಾ ಅಂತ ಕಕ್ಷಿದಾರರ ಹತ್ತಿರ ಇವತ್ತೇ ಕೇಳು.