ಗುಂಪಿನಲ್ಲಿ ಒಬ್ಬಳೇ ಬರೀತಾಳೆ, ಉಳಿದವರು ನೋಡ್ತಾರೆ: ಏನು ಮಾಡಲಿ?

ಕೇಳಿದವರು: ಏಳನೇ ತರಗತಿಯ ಶಿಕ್ಷಕಿ

ನಮಸ್ಕಾರ. ಪ್ರಶ್ನೆ ಕೇಳೋದು, ಹುಡುಕಿ ತಿಳಿಯೋದು, ಕೂಡಿ ಕೆಲಸ ಮಾಡೋದು, ಈ ಮೂರನ್ನೂ ಮಕ್ಕಳಿಗೆ ಕಲಿಸಲೇಬೇಕು ಅಂತ ಈ ವರ್ಷ ಹಟ ಹಿಡಿದಿದ್ದೇನೆ. ಮೂರು ತಿಂಗಳಾಯಿತು, ಮೂರರಲ್ಲೂ ಸೋತಿದ್ದೇನೆ. "ಏನಾದರೂ ಡೌಟ್ ಇದೆಯಾ?" ಅಂದರೆ ಕ್ಲಾಸು ಗಪ್‌ಚಿಪ್. ಪ್ರಾಜೆಕ್ಟ್ ಕೊಟ್ಟರೆ ನೆಟ್‌ನಿಂದ ಎತ್ತಿದ ಎರಡು ಪುಟ, ಅದೂ ಅರ್ಧ ಅಪ್ಪ ಅಮ್ಮನ ಅಕ್ಷರದಲ್ಲಿ. ಗುಂಪು ಮಾಡಿದರೆ ಒಬ್ಬಳು ಬರೀತಾಳೆ, ಉಳಿದ ಐವರು ಅವಳ ಪೆನ್ನು ನೋಡುತ್ತಾ ಕೂತಿರ್ತಾರೆ. 40 ನಿಮಿಷದ ಪಿರಿಯಡ್, 42 ಮಕ್ಕಳು. ಮಾಡಿ ನೋಡಿದವರು ಹೇಳಿ, ತರಬೇತಿಯಲ್ಲಿ ಹೇಳೋ ಮಾತು ಬೇಡ.

ವಿಜ್ಞಾನದ ಮೇಷ್ಟ್ರು

ಮೇಡಂ, ನಾನೂ ಆರೇಳು ವರ್ಷ ಇದೇ ಹಳ್ಳಕ್ಕೆ ಬಿದ್ದವನು. ಎಡವಟ್ಟು ಮಕ್ಕಳಲ್ಲಿರಲಿಲ್ಲ, ನಾನು ಕೊಡುತ್ತಿದ್ದ ಕೆಲಸದಲ್ಲಿತ್ತು. "ಜಲಮಾಲಿನ್ಯದ ಬಗ್ಗೆ ಪ್ರಾಜೆಕ್ಟ್ ಮಾಡಿ" ಅಂದರೆ ಅದು ಪ್ರಶ್ನೆಯೇ ಅಲ್ಲ, ಬರೀ ತಲೆಬರಹ. ಅದಕ್ಕೆ ಸಿದ್ಧ ಉತ್ತರ ಎಲ್ಲೋ ಇದ್ದೇ ಇರುತ್ತದೆ, ಮಗು ತಂದು ಅಂಟಿಸುತ್ತದೆ. ಒಬ್ಬರೇ ಮುಗಿಸಬಹುದಾದ ಕೆಲಸವನ್ನು ಆರು ಜನಕ್ಕೆ ಕೊಟ್ಟರೆ ಒಬ್ಬರೇ ಮುಗಿಸುತ್ತಾರೆ, ಅವರ ಜಾಗದಲ್ಲಿ ನಾವಿದ್ದರೂ ಅಷ್ಟೇ. ಹಾಗಾಗಿ ಈಗ ಎರಡೇ ನೋಡುತ್ತೇನೆ. ಉತ್ತರವನ್ನು ಕ್ಲಾಸಿನೊಳಗೇ ಅಳೆದು ತಿಳಿಯುವಂತಿರಬೇಕು. ಒಬ್ಬರ ಎರಡು ಕೈ ಸಾಲದಂತಿರಬೇಕು.

ನನ್ನ ಮೆಚ್ಚಿನದು ಲೋಲಕ. ದಾರ, ಕಲ್ಲು, ಸ್ಟಾಪ್‌ವಾಚ್ ಇದ್ದರೆ ಮುಗಿಯಿತು. ಮೊದಲ ದಿನ ಪ್ರಶ್ನೆ ಕೇಳಿ ಅನ್ನಲಿಲ್ಲ. ಬೋರ್ಡಿನ ಮೇಲೆ ಒಂದು ವಾಕ್ಯ ಬರೆದೆ: "ಭಾರದ ಕಲ್ಲು ಬೇಗ ತೂಗುತ್ತದೆ." ಇದರ ಮೇಲೆ ಎಷ್ಟಾಗುತ್ತೋ ಅಷ್ಟು ಪ್ರಶ್ನೆ ಬರೀರಿ, ಯಾರೂ ಉತ್ತರ ಹೇಳುವಂತಿಲ್ಲ, ಯಾರ ಪ್ರಶ್ನೆಗೂ ನಗುವಂತಿಲ್ಲ, ಐದು ನಿಮಿಷ ಅಂದೆ. ಡೌಟ್ ಇದೆಯಾ ಅಂದಾಗ ಬಾಯಿ ಬಿಡದ ಮಕ್ಕಳು, ಮೇಷ್ಟ್ರು ಬರೆದದ್ದನ್ನೇ ಅನುಮಾನಿಸಿ ಅಂದರೆ ಬಿಡುತ್ತಾರೆ. ಮೂವತ್ತಕ್ಕೂ ಮೇಲೆ ಬಂದವು. ಅವುಗಳಲ್ಲಿ ಇಲ್ಲೇ ಮಾಡಿ ನೋಡಬಹುದಾದವಕ್ಕೆ ಅವರಿಂದಲೇ ಗೆರೆ ಎಳೆಸಿದೆ.

ಮಾರನೆಯ ದಿನ ಐದೈದು ಜನ. ದಾರ ಹಿಡಿಯುವವರು, ಕಲ್ಲು ಬಿಡುವವರು, ಎಣಿಸುವವರು, ವಾಚು ನೋಡುವವರು, ಬರೆಯುವವರು. ಎಲ್ಲರಿಗೂ 1 ಮೀಟರ್ ದಾರ, 10 ತೂಗಾಟಕ್ಕೆ (ಹೋಗಿ ವಾಪಸ್ ಬಂದರೆ ಒಂದು) ಎಷ್ಟು ಸೆಕೆಂಡು? ಎಲ್ಲರಿಗೂ 20ರ ಹತ್ತಿರ ಬಂತು, ಒಂದು ಗುಂಪಿಗೆ ಮಾತ್ರ 18. ಆ ಗುಂಪಿನದ್ದು ಇದ್ದುದರಲ್ಲೇ ದೊಡ್ಡ ಕಲ್ಲು! "ನೋಡಿ ಸಾರ್, ಭಾರದ್ದೇ ಬೇಗ" ಅಂತ ಇಡೀ ಕ್ಲಾಸು ತೀರ್ಪು ಕೊಟ್ಟಿತು. ಹೇಳಿಬಿಡಲು ನನ್ನ ನಾಲಿಗೆ ತುರಿಸುತ್ತಿತ್ತು, ಕಚ್ಚಿಕೊಂಡೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು "ಕಲ್ಲು ಅದಲುಬದಲು ಮಾಡೋಣ" ಅಂದಳು. ಮಾಡಿದರು. ದೊಡ್ಡ ಕಲ್ಲು ಬೇರೆ ಗುಂಪಿಗೆ ಹೋದರೆ ಅಲ್ಲಿ 20. ಸಣ್ಣ ಕಲ್ಲು ಈ ಗುಂಪಿಗೆ ಬಂದರೂ ಇಲ್ಲಿ 18. ದಾರ ಅಳೆದರು, ಸರಿ ಇತ್ತು. ವಾಚು ಬದಲಾಯಿಸಿದರು, ಆಗಲೂ 18. ಕೊನೆಗೆ ಪಕ್ಕದ ಗುಂಪಿನವನೊಬ್ಬ ಬಂದು ಕೈಕಟ್ಟಿ ನಿಂತು ನೋಡಿದ. ಎಣಿಸುವ ಹುಡುಗ ಕಲ್ಲು ಬಿಟ್ಟ ಕೂಡಲೇ "ಒಂದು" ಅನ್ನುತ್ತಿದ್ದ! ತೂಗಿದ್ದು ಒಂಬತ್ತು, ಎಣಿಸಿದ್ದು ಹತ್ತು. ಅಲ್ಲಿಂದ ಮುಂದೆ ಎಲ್ಲರೂ "ಸೊನ್ನೆ" ಅಂತಲೇ ಶುರು ಮಾಡಿದರು.

ಇಡೀ ಪಿರಿಯಡ್ಡು ಆ ಒಂದು "ಒಂದು"ಗೆ ಹೋಯಿತು. ಪಾಠ ಒಂದು ಸಾಲೂ ಮುಂದೆ ಹೋಗಲಿಲ್ಲ. ನನಗೆ ಬೇಸರವಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಬೇಕು ಅನ್ನೋದನ್ನು ನಾನು ಎಷ್ಟು ವರ್ಷ ಬಾಯಲ್ಲಿ ಹೇಳಿದ್ದೆನೋ, ಆವತ್ತು ನಾನು ಹೇಳಲೇ ಇಲ್ಲ. ಅದಾದ ಮೇಲೆ ದಾರವನ್ನು 25 ಸೆಂಟಿಮೀಟರ್‌ಗೆ ಇಳಿಸಿದರು. ಕಾಲು ಭಾಗ ದಾರ, ಅಂದರೆ 5 ಸೆಕೆಂಡು ಅಂತ ಎಲ್ಲರ ಲೆಕ್ಕ. ಬಂದದ್ದು 10. ಒಬ್ಬ ನಂಬದೆ ಮೂರು ಸಲ ಮಾಡಿದ.

ಇನ್ನೊಂದು, ನಮ್ಮ ಬಾಯಿಯ ವಿಷಯ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೂ ಕಾಯುವುದಿಲ್ಲ, ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವ ಮಕ್ಕಳೂ ಮಾತಾಡುತ್ತಾರೆ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದಾರೆ. ಓದಿದಾಗ ನಾನು ಹಾಗಿಲ್ಲ ಅಂದುಕೊಂಡೆ. ನನ್ನದೇ ಕ್ಲಾಸನ್ನು ಒಂದು ದಿನ ರೆಕಾರ್ಡ್ ಮಾಡಿ ಕೇಳಿದೆ. ಪ್ರಶ್ನೆಯೂ ನನ್ನದು, ಉತ್ತರವೂ ನನ್ನದು, ಮಧ್ಯದಲ್ಲಿ ಉಸಿರು ಮಾತ್ರ. ಈಗ ಪ್ರಶ್ನೆ ಹಾಕಿ ಬೋರ್ಡ್ ಒರೆಸಲು ತಿರುಗುತ್ತೇನೆ, ಒರೆಸಲು ಏನೂ ಇಲ್ಲದಿದ್ದರೂ.

ಸಮಾಜ ವಿಜ್ಞಾನದ ಶಿಕ್ಷಕಿ

ಸಾರ್ ಹೇಳಿದ್ದು ಸರಿ, ಆದರೆ ನಮ್ಮ ವಿಷಯದಲ್ಲಿ ಕಲ್ಲು ದಾರ ನಡೆಯಲ್ಲ. ನಾನು ಜಿಗ್‌ಸಾ ಮಾಡುತ್ತೇನೆ. ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ 1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್ ಶಾಲೆಗಳಲ್ಲಿ ಶುರು ಮಾಡಿದ ವಿಧಾನ. ಕರಿಯರ, ಬಿಳಿಯರ ಮಕ್ಕಳನ್ನು ಒಂದೇ ಕ್ಲಾಸಿಗೆ ಸೇರಿಸಿದಾಗ ಎದ್ದ ಜಗಳಕ್ಕೆ ಹುಡುಕಿದ ಮದ್ದು ಅದು. ಪಾಠವನ್ನು ತುಂಡು ಮಾಡಿ ಗುಂಪಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಡೋದು, ಪೂರ್ತಿ ಪಾಠ ಬೇಕಾದರೆ ಒಬ್ಬರು ಇನ್ನೊಬ್ಬರ ಬಾಯಿಂದಲೇ ಕೇಳಬೇಕು.

ಮೊದಲ ಸಲ ನಾನು ಕೆಟ್ಟದಾಗಿ ಸೋತೆ. ಕೈಗಾರಿಕಾ ಕ್ರಾಂತಿಯ ಪಾಠ. ಉಗಿಯಂತ್ರದ ತುಂಡು ಸಿಕ್ಕ ಮಗು "ಜೇಮ್ಸ್ ವಾಟ್ ಕಂಡುಹಿಡಿದ" ಅಂತ ತನ್ನ ಗುಂಪಿಗೆ ಹೇಳಿಕೊಟ್ಟಿತು, ಅಷ್ಟೂ ಜನ ಅದನ್ನೇ ಬರೆದರು. ನಾನು ಮಾಡಿದ ತಪ್ಪು, ಬೇರೆ ಬೇರೆ ಗುಂಪಿನಲ್ಲಿ ಅದೇ ತುಂಡು ಸಿಕ್ಕ ಮಕ್ಕಳನ್ನು ಮೊದಲು ಒಟ್ಟಿಗೆ ಕೂರಿಸದೇ ಇದ್ದದ್ದು. ಈಗ ಹತ್ತು ನಿಮಿಷ ಅವರು ಕೂತು ತಾಳೆ ನೋಡುತ್ತಾರೆ, ಆಮೇಲೆ ತಮ್ಮ ತಮ್ಮ ಗುಂಪಿಗೆ ವಾಪಸ್. ಹೀಗೆ ಕೂತಾಗಲೇ ಮುಂದಿನ ವರ್ಷದ ಹುಡುಗಿಯೊಬ್ಬಳು ಕೇಳಿದಳು: "ಮಿಸ್, ಈ ಪುಸ್ತಕದಲ್ಲಿ ವಾಟ್ ಅಂತಿದೆ, ಅದರಲ್ಲಿ ನ್ಯೂಕಾಮೆನ್ ಅಂತಿದೆ, ಯಾವುದು ಬರೀಲಿ?" ನಾನು ಹೇಳಲಿಲ್ಲ. ಎರಡು ದಿನ ಬಿಟ್ಟು ಅವಳೇ ಬಂದು ಹೇಳಿದಳು: ನ್ಯೂಕಾಮೆನ್‌ನ ಯಂತ್ರ 1712ರಲ್ಲೇ ಗಣಿಯ ನೀರೆತ್ತುತ್ತಿತ್ತು, 1769ರಲ್ಲಿ ವಾಟ್ ಪೇಟೆಂಟ್ ಪಡೆದದ್ದು ಅದರ ಸುಧಾರಣೆಗೆ. ಅದಕ್ಕೇ ನಾನೀಗ ಬೇಕಂತಲೇ ಒಂದಕ್ಕೊಂದು ಹೊಂದದ ಎರಡು ಆಕರ ಕೊಡುತ್ತೇನೆ. ಒಂದೇ ಕೊಟ್ಟರೆ ಕಾಪಿ ಮಾಡುತ್ತಾರೆ. ಎರಡು ಜಗಳವಾಡುತ್ತಿದ್ದರೆ ಕಾಪಿ ಮಾಡೋದು ಹೇಗೆ?

ನೆಟ್ಟಿನಲ್ಲಿರೋದೆಲ್ಲ ನಿಜ ಅನ್ನೋ ಮಕ್ಕಳಿಗೆ "ಮರದ ಮೇಲೆ ವಾಸಿಸುವ ಆಕ್ಟೋಪಸ್" ತೋರಿಸಿ. 1998ರಲ್ಲಿ ತಮಾಷೆಗೆ ಮಾಡಿದ ಜಾಲತಾಣ, ಫೋಟೊ, ವೈಜ್ಞಾನಿಕ ಹೆಸರು ಎಲ್ಲ ಇದೆ. ನನ್ನ ಕ್ಲಾಸಿನವರು ಅಳಿವಿನಂಚಿನ ಪ್ರಾಣಿ ಅಂತ ಪಾಪ ಮರುಗಿದರು. ಆಮೇಲೆ, ಆ ಪುಟದಲ್ಲೇ ಕೂರದೆ ಬೇರೆಯವರು ಇದರ ಬಗ್ಗೆ ಏನಂತಾರೆ ಹುಡುಕಿ ಅಂದೆ. ಎರಡು ನಿಮಿಷ ಹಿಡಿಯಲಿಲ್ಲ.

ಗಣಿತದ ಮೇಷ್ಟ್ರು

ತಣ್ಣೀರೆರಚುತ್ತೇನೆ, ಕ್ಷಮಿಸಿ. ಎಲ್ಲ ಪಾಠಕ್ಕೂ ಇದು ಬೇಡ. ವಿಷಯದ ಗಂಧವೇ ಇಲ್ಲದ ಮಗುವಿಗೆ "ನೀನೇ ಕಂಡುಹಿಡಿ" ಅನ್ನೋದು ಈಜು ಬರದವನನ್ನು ಬಾವಿಗೆ ನೂಕಿದ ಹಾಗೆ. ಹೊಸಬರಿಗೆ ನೇರವಾಗಿ ಹೇಳಿಕೊಡುವುದೇ ಮೇಲು ಅಂತ ಕಿರ್ಶ್‌ನರ್, ಸ್ವೆಲ್ಲರ್, ಕ್ಲಾರ್ಕ್ ಅನ್ನೋ ಮೂವರು ಸಂಶೋಧಕರು 2006ರಲ್ಲಿ ವಾದಿಸಿದ್ದರು, ಅದರ ಮೇಲೆ ದೊಡ್ಡ ಚರ್ಚೆಯೇ ಆಯಿತು. ನಾನು ಮೊದಲು ಪಾಠ ಮಾಡಿ, ತಿಂಗಳಿಗೊಂದು ಪಿರಿಯಡ್ ಇದಕ್ಕೆ ಇಡುತ್ತೇನೆ. ಸಿಲಬಸ್ಸೂ ಮುಗಿಯುತ್ತದೆ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ವಿಜ್ಞಾನದ ಸಾರ್‌ಗೆ ಒಂದೇ ಪ್ರಶ್ನೆ: ಮಾರ್ಕ್ಸ್ ಹೇಗೆ ಕೊಡ್ತೀರಿ? ಆ ಬರೆಯೋ ಹುಡುಗಿಗೂ ಪೆನ್ನು ನೋಡೋರಿಗೂ ಒಂದೇ ಮಾರ್ಕ್ಸ್ ಅಂದರೆ ಅವಳ ತಾಯಿ ಬಂದು ಕೇಳ್ತಾರೆ.

ವಿಜ್ಞಾನದ ಮೇಷ್ಟ್ರು

ಕೇಳಲಿ, ಅವರು ಕೇಳೋದು ನ್ಯಾಯವೇ. ನಾನು ಚಾರ್ಟಿಗೆ ಮಾರ್ಕ್ಸ್ ಕೊಡೋದೇ ಬಿಟ್ಟೆ. ಕೊನೆಗೆ ಒಂದು ಚೀಟಿ ಎತ್ತುತ್ತೇನೆ, ಹೆಸರು ಬಂದವರು ಎದ್ದು ಗುಂಪಿನ ಕೆಲಸವನ್ನು ವಿವರಿಸಬೇಕು. ಆ ವಿವರಣೆಗೆ ಗುಂಪಿಗೆಲ್ಲ ಅರ್ಧ ಮಾರ್ಕ್ಸ್, ಉಳಿದರ್ಧ ಅವರವರೇ ಬರೆದ ಒಂದು ಪ್ಯಾರಾಕ್ಕೆ. ಮೊದಲ ಸಲ ಬಂದದ್ದು ವರ್ಷವಿಡೀ ಬಾಯಿಬಿಡದ ಹುಡುಗನ ಹೆಸರು, ಅವನು ಸುಮ್ಮನೆ ನಿಂತ, ಗುಂಪಿನವರು ತಲೆ ತಗ್ಗಿಸಿದರು. ಅವನನ್ನು ಹಾಗೆ ನಿಲ್ಲಿಸಬಾರದಿತ್ತು ಅಂತ ನನಗೇ ಅನ್ನಿಸಿತು, ಈಗ ಐದು ನಿಮಿಷ ಮೊದಲೇ ಹೆಸರು ಹೇಳುತ್ತೇನೆ. ಮುಂದಿನ ವಾರ ಆ ಬೆಂಚಿನ ಹತ್ತಿರ ಹೋದಾಗ ನಮ್ಮ ಬರೆಯೋ ಹುಡುಗಿ ಪೆನ್ನು ಕೆಳಗಿಟ್ಟು ಅವನಿಗೆ ಹೇಳುತ್ತಿದ್ದಳು: "ಇನ್ನೊಂದು ಸಲ ಹೇಳು, ಈ ಸಲವೂ ನಿನ್ನದೇ ಚೀಟಿ ಬಂದರೆ?"